ಎಚ್‌ಪಿವಿ ಪಾಸಿಟಿವ್, ಪ್ಯಾಪ್ ನಾರ್ಮಲ್: ಒಂದು ವರ್ಷ ಕಾಯಬಹುದೇ?

ಪ್ರಶ್ನೆ: ನನಗೆ 37 ವರ್ಷ. ಮದುವೆಯಾಗಿ 13 ವರ್ಷವಾಯಿತು, ಇಬ್ಬರು ಮಕ್ಕಳಿದ್ದಾರೆ. ಯಾವ ತೊಂದರೆಯೂ ಇರಲಿಲ್ಲ, ಸುಮ್ಮನೆ ಆರೋಗ್ಯ ತಪಾಸಣೆಯ ಜೊತೆಗೆ ಗರ್ಭಕಂಠದ ಪರೀಕ್ಷೆಯನ್ನೂ ಮಾಡಿಸಿದೆ. ಪ್ಯಾಪ್ ಸ್ಮಿಯರ್ (ಗರ್ಭಕಂಠದ ಕೋಶಗಳ ಪರೀಕ್ಷೆ) ನಾರ್ಮಲ್ ಎಂದು ಬಂತು. ಆದರೆ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮ ವೈರಸ್) ರಿಪೋರ್ಟಿನಲ್ಲಿ ‘16 ನೆಗೆಟಿವ್, 18 ನೆಗೆಟಿವ್, ಇತರ ಹೈ ರಿಸ್ಕ್ ಪಾಸಿಟಿವ್’ ಎಂದಿದೆ. ಡಾಕ್ಟರು ‘ಒಂದು ವರ್ಷ ಬಿಟ್ಟು ಬನ್ನಿ’ ಎಂದರು. ಕ್ಯಾನ್ಸರ್ ತರುವ ವೈರಸ್ಸನ್ನು ಮೈಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಕಾಯುವುದು ಹೇಗೆ? ನಾನು ಗಂಡನನ್ನು ಬಿಟ್ಟು ಬೇರೆಯವರನ್ನು ಕಂಡವಳಲ್ಲ. ಹಾಗಾದರೆ ಅವರು? ಈ ಯೋಚನೆ ಬಂದಾಗಿನಿಂದ ನಿದ್ದೆಯಿಲ್ಲ. ಅಕ್ಕ ‘ಹೇಗೂ ಮಕ್ಕಳಾಗಿವೆ, ಗರ್ಭಕೋಶ ತೆಗೆಸಿಬಿಡು’ ಎನ್ನುತ್ತಾಳೆ. ನಾನೀಗ ಲಸಿಕೆ ಹಾಕಿಸಿಕೊಂಡರೆ ವೈರಸ್ ಹೋಗುತ್ತದೆಯೇ? 11 ವರ್ಷದ ಮಗಳಿಗೂ ಹಾಕಿಸಬೇಕೆಂದಿದ್ದೆ. ಅದರಿಂದ ಮುಂದೆ ಮಕ್ಕಳಾಗುವುದಿಲ್ಲ ಎಂದು ಯಾರೋ ಹೆದರಿಸಿದರು.

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ, ನಿದ್ದೆ ಕೆಡಿಸಿರುವುದು ಒಂದೇ. ವೈದ್ಯರ ಲೆಕ್ಕದಲ್ಲಿ ಅದು ಮೊದಲನೆಯದಲ್ಲ. ಆದರೂ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದು ಒಳಗೆ ಕುದಿಯುತ್ತಿರುವಾಗ ನಾನು ಬೇರೆ ಏನು ಹೇಳಿದರೂ ನಿಮ್ಮ ಕಿವಿಗೆ ಬೀಳುವುದಿಲ್ಲ.

ಆ ರಿಪೋರ್ಟ್ ಹೇಳುವುದು ಇಷ್ಟೇ: ಮಾದರಿ ತೆಗೆದ ದಿನ ಅಲ್ಲಿ ವೈರಸ್ ಇತ್ತು. 16, 18 ಎಂಬುವು ಆ ವೈರಸ್ಸಿನ ಬಗೆಗಳ ಸಂಖ್ಯೆಗಳು. ಯಾವಾಗ ಬಂತು, ಯಾರಿಂದ ಬಂತು ಎಂಬುದು ಅದರಲ್ಲಿಲ್ಲ. ಯಾವ ಲ್ಯಾಬಿಗೂ ಅದನ್ನು ಹೇಳಲು ಬರುವುದಿಲ್ಲ. ಈ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆ ಪ್ರಮಾಣದಲ್ಲಿ ವರ್ಷಗಟ್ಟಲೆ ಅಡಗಿದ್ದು ಮತ್ತೆ ಕಾಣಿಸಿಕೊಳ್ಳಬಲ್ಲದು. ನಿಮಗೆ ಇದು ಮದುವೆಯಾದ ಹೊಸತರಲ್ಲೇ ಬಂದಿರಬಹುದು. ನಿಮ್ಮವರಿಗೆ ಮದುವೆಗೆ ಎಷ್ಟೋ ಮೊದಲು ತಗುಲಿ, ಅವರಿಗೇ ಗೊತ್ತಿಲ್ಲದೆ ಇದ್ದಿರಬಹುದು. ಗಂಡಸರಲ್ಲಿ ಹೈ ರಿಸ್ಕ್ ಎಚ್‌ಪಿವಿ ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ, ಅವರಿಗೆ ಮಾಡಬಹುದಾದ ಅಂಗೀಕೃತ ತಪಾಸಣೆಯೂ ಇಲ್ಲ. ಲೈಂಗಿಕ ಜೀವನ ಇರುವವರಲ್ಲಿ ಶೇ 80ಕ್ಕೂ ಹೆಚ್ಚು ಮಂದಿಗೆ ಬದುಕಿನಲ್ಲಿ ಒಮ್ಮೆಯಾದರೂ ಈ ಸೋಂಕು ತಗುಲುತ್ತದೆ. ಒಬ್ಬನೇ ಸಂಗಾತಿ ಸಾಕು, ಚರ್ಮಕ್ಕೆ ಚರ್ಮ ತಾಗಿದರೆ ಸಾಕು. ಪೂರ್ಣ ಸಂಭೋಗವೇ ಆಗಬೇಕೆಂದಿಲ್ಲ. ಕಾಂಡೋಮ್ ಕೂಡ ಪೂರ್ತಿ ತಡೆಯುವುದಿಲ್ಲ, ಅಪಾಯವನ್ನು ಒಂದಷ್ಟು ತಗ್ಗಿಸುತ್ತದೆ.

ಹಾಗಾಗಿ ಈ ಕಾಗದ ಆರೋಪಪತ್ರವಲ್ಲ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಖುಲಾಸೆಪತ್ರವೂ ಅಲ್ಲ. ದಾಂಪತ್ಯದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ನಿಮ್ಮವರಿಗೆ ಅದನ್ನು ತೋರಿಸಿ, ಈ ಉತ್ತರವನ್ನೂ ಓದಲು ಕೊಡಿ ಎಂಬುದು ನನ್ನ ಸಲಹೆ. ಕಾರಣ ಸಂಸಾರದ್ದಲ್ಲ, ವೈದ್ಯಕೀಯದ್ದು. ಮನೆಯಲ್ಲಿ ಮುಚ್ಚಿಟ್ಟ ಹೆಂಗಸರು ವರ್ಷ ಕಳೆದ ಮೇಲೆ ಮತ್ತೆ ಆಸ್ಪತ್ರೆಗೆ ಯಾಕೆ ಹೋಗಬೇಕೆಂದು ಹೇಳಲಾರದೆ ಹೋಗದೇ ಉಳಿಯುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಈ ರಿಪೋರ್ಟಿನಲ್ಲಿ ಹಿಂದಿನ ತಾರೀಖು ಇಲ್ಲ, ಮುಂದಿನದೊಂದು ಇದೆ. ನಿಮಗೆ ಮುಖ್ಯವಾದದ್ದು ಅದು.

ಇನ್ನು ಕ್ಯಾನ್ಸರಿನ ಮಾತು. ಈ ಕಾಯಿಲೆಗೆ ನಾಚಿಕೆ ಅಂಟಿಕೊಂಡದ್ದು ತೀರಾ ಹಿಂದೆ. 1842ರಲ್ಲಿ ಇಟಲಿಯ ವೆರೋನಾದಲ್ಲಿ ರಿಗೋನಿ-ಸ್ಟರ್ನ್ ಎಂಬ ವೈದ್ಯರು ಊರಿನ ಮರಣ ದಾಖಲೆಗಳನ್ನು ಕೂಡಿಸಿ ನೋಡಿದಾಗ ಗರ್ಭಕೋಶದ ಕ್ಯಾನ್ಸರ್ ಸನ್ಯಾಸಿನಿಯರಲ್ಲಿ ಅಪರೂಪ, ಮದುವೆಯಾದವರಲ್ಲಿ ಹೆಚ್ಚು ಎಂದು ಕಂಡಿತು. ಏನೋ ಒಂದು ದಾಟುತ್ತಿದೆ ಎಂಬ ಸಂಶಯ ಅಲ್ಲಿಂದ ಶುರು. ಆ ‘ಏನೋ’ ಯಾವುದೆಂದು ತಿಳಿಯಲು ಇನ್ನೂ ನೂರನಲವತ್ತು ವರ್ಷ ಬೇಕಾಯಿತು. 1970ರ ದಶಕದಲ್ಲಿ ಹೆಚ್ಚಿನವರು ಬೆರಳು ತೋರಿಸುತ್ತಿದ್ದದ್ದು ಜನನಾಂಗದ ಹರ್ಪಿಸ್ ವೈರಸ್ಸಿನ ಕಡೆಗೆ. ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಗಡ್ಡೆಗಳಲ್ಲಿ ಹರ್ಪಿಸ್ಸಿನ ಡಿಎನ್‌ಎ ಹುಡುಕಿದರು, ಸಿಗಲಿಲ್ಲ. ಚರ್ಮದ ಮೇಲೆ ನರಹುಲಿ ಎಬ್ಬಿಸುವ ಪ್ಯಾಪಿಲೋಮ ವೈರಸ್ಸಿನ ಕುಟುಂಬದವೇ ಇದರ ಹಿಂದಿರಬೇಕು ಎಂದಾಗ ಒಪ್ಪಿದವರು ಕಡಿಮೆ. 1983ರಲ್ಲಿ ಅವರ ತಂಡಕ್ಕೆ ಗಡ್ಡೆಯೊಳಗೆ 16ನೇ ಬಗೆ ಸಿಕ್ಕಿತು, ಮರುವರ್ಷ 18 ಸಿಕ್ಕಿತು. 2008ರಲ್ಲಿ ಅವರಿಗೆ ನೊಬೆಲ್ ಬಂತು. ಹೆನ್ರಿಯೆಟಾ ಲ್ಯಾಕ್ಸ್ ಎಂಬ ಅಮೆರಿಕದ ಮಹಿಳೆಯ ಗರ್ಭಕಂಠದ ಗಡ್ಡೆಯಿಂದ 1951ರಲ್ಲಿ ತೆಗೆದು ಇಂದಿಗೂ ಪ್ರಯೋಗಾಲಯಗಳಲ್ಲಿ ಬೆಳೆಸುತ್ತಿರುವ ಹೀಲಾ ಕೋಶಗಳ ಒಳಗೂ ಅದೇ 18 ಕುಳಿತಿತ್ತು. ವಿಜ್ಞಾನಿಗಳು ಮೂವತ್ತು ವರ್ಷ ಅದನ್ನು ಕೈಯಲ್ಲೇ ಹಿಡಿದುಕೊಂಡಿದ್ದು ಕಂಡಿರಲಿಲ್ಲ!

1999ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಗರ್ಭಕಂಠದ ಕ್ಯಾನ್ಸರುಗಳಲ್ಲಿ ಶೇ 99.7ರಲ್ಲಿ ಎಚ್‌ಪಿವಿ ಇದೆ ಎಂದಿತು. ನಿಮ್ಮನ್ನು ಹೆದರಿಸಿರುವುದು ಈ ಬಗೆಯ ಅಂಕಿಯೇ. ಅದನ್ನು ತಿರುವಿಹಾಕಿ ಓದಿಬಿಟ್ಟಿದ್ದೀರಿ. ಕ್ಯಾನ್ಸರ್ ಇರುವಲ್ಲಿ ಹೆಚ್ಚುಕಡಿಮೆ ಯಾವಾಗಲೂ ವೈರಸ್ ಇರುತ್ತದೆ. ವೈರಸ್ ಇರುವಲ್ಲಿ ಕ್ಯಾನ್ಸರ್ ಇರುವುದು ತೀರಾ ಅಪರೂಪ. ಮನೆ ಸುಡಲು ಬೆಂಕಿ ಬೇಕು, ಹಾಗೆಂದು ಒಲೆ ಹಚ್ಚಿದ ಮನೆಗಳೆಲ್ಲ ಸುಡುವುದಿಲ್ಲ. ಹೊಸದಾಗಿ ತಗುಲಿದ ಸೋಂಕುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಎರಡು ವರ್ಷದೊಳಗೆ ತಾವಾಗಿ ಮರೆಯಾಗುತ್ತವೆ.

ಮರೆಯಾಗದೆ ಉಳಿದವು ಏನು ಮಾಡುತ್ತವೆ? ಗರ್ಭಕಂಠದಲ್ಲಿ ಎರಡು ಬಗೆಯ ಒಳಪದರ ಸಂಧಿಸುವ ಒಂದು ಗೆರೆಯಿದೆ. ಹೊರಗಿನದು ದಪ್ಪ, ಒಳಗಿನದು ಒಂದೇ ಪದರದ ನಾಜೂಕು. ಅಲ್ಲಿನ ಕೋಶಗಳು ಸದಾ ರೂಪ ಬದಲಿಸುತ್ತಿರುತ್ತವೆ. ಕಣ್ಣಿಗೆ ಕಾಣದ ತರಚುಗಳ ಮೂಲಕ ವೈರಸ್ ಪದರದ ಬುಡಕ್ಕೆ ಇಳಿಯುತ್ತದೆ. ರಕ್ತಕ್ಕೆ ಹೋಗುವುದಿಲ್ಲ, ಕೋಶವನ್ನು ಒಡೆದು ಕೊಲ್ಲುವುದಿಲ್ಲ, ಜ್ವರ ಉರಿ ಏನೂ ಇಲ್ಲ. ಸದ್ದಿಲ್ಲದೆ ಇರುವುದರಿಂದ ದೇಹದ ಕಾವಲಿಗೆ ಸುಳಿವು ಸಿಗುವುದು ತಡವಾಗುತ್ತದೆ. ನಮ್ಮ ಪ್ರತಿ ಕೋಶದಲ್ಲೂ ಬೆಳವಣಿಗೆಗೆ ಬ್ರೇಕ್ ಹಾಕುವ ಪ್ರೋಟೀನುಗಳಿವೆ. ಪಿ53 ಮತ್ತು ಆರ್‌ಬಿ ಅವುಗಳಲ್ಲಿ ದೊಡ್ಡವು. ಹೈ ರಿಸ್ಕ್ ಎಚ್‌ಪಿವಿ ತಯಾರಿಸುವ ಇ6 ಎಂಬ ಪ್ರೋಟೀನು ಪಿ53ನ್ನು ನಾಶಮಾಡಿಸುತ್ತದೆ, ಇ7 ಎಂಬುದು ಆರ್‌ಬಿಯನ್ನು ಕಟ್ಟಿಹಾಕುತ್ತದೆ. ಬ್ರೇಕಿಲ್ಲದ ಕೋಶ ಒಡೆದು ಒಡೆದು ಹೆಚ್ಚುವಾಗ ತಪ್ಪುಗಳು ಸೇರುತ್ತಾ ಹೋಗುತ್ತವೆ. ಕ್ಯಾನ್ಸರ್ ಆಗಲು ಇಂಥ ತಪ್ಪುಗಳು ಹಲವು ಕೂಡಬೇಕು. ಅದಕ್ಕೆ ರೋಗನಿರೋಧಕ ಶಕ್ತಿ ಸರಿಯಿರುವವರಲ್ಲಿ ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಚಿಕಿತ್ಸೆಯಿಲ್ಲದ ಎಚ್‌ಐವಿ ಇದ್ದರೆ 5ರಿಂದ 10 ವರ್ಷವೂ ಆಗಬಹುದು.

ನಿಮ್ಮ ಡಾಕ್ಟರು ಒಂದು ವರ್ಷ ಎಂದದ್ದು ಉದಾಸೀನದಿಂದಲ್ಲ. ಗರ್ಭಕಂಠದ ಕ್ಯಾನ್ಸರುಗಳಲ್ಲಿ ಸುಮಾರು ಶೇ 70ಕ್ಕೆ 16 ಮತ್ತು 18 ಕಾರಣ. ನಿಮಗೆ ಅವೆರಡರಲ್ಲಿ ಒಂದು ಇದ್ದಿದ್ದರೆ ಪ್ಯಾಪ್ ನಾರ್ಮಲ್ ಇದ್ದರೂ ನಾನು ಕಾಯಿಸುತ್ತಿರಲಿಲ್ಲ, ನೇರ ಕಾಲ್ಪೊಸ್ಕೊಪಿಗೆ, ಅಂದರೆ ಗರ್ಭಕಂಠವನ್ನು ಭೂತಗನ್ನಡಿಯಲ್ಲಿ ನೋಡುವ ಪರೀಕ್ಷೆಗೆ, ಕಳಿಸುತ್ತಿದ್ದೆ. ‘ಇತರ’ ಎಂಬ ಚೀಲದಲ್ಲಿ ಸಾಮಾನ್ಯವಾಗಿ ಹನ್ನೆರಡು ಬಗೆಗಳನ್ನು ಒಟ್ಟಿಗೆ ಕಟ್ಟಿರುತ್ತಾರೆ. 31, 33, 45, 52, 58 ಅವುಗಳಲ್ಲಿ ತುಸು ಜೋರಿನವು, ಉಳಿದವು ಅಷ್ಟಿಲ್ಲ. ಅದರ ಜೊತೆಗೆ ಪ್ಯಾಪ್ ನಾರ್ಮಲ್ ಇದ್ದರೆ ಈಗಲೇ ಗಂಭೀರ ಬದಲಾವಣೆ ಇರುವ ಸಾಧ್ಯತೆ ಕಡಿಮೆ. ಮೂರೇ ತಿಂಗಳಿಗೆ ಮತ್ತೆ ಪರೀಕ್ಷಿಸಿದರೆ ವೈರಸ್ ಇನ್ನೂ ಅಲ್ಲೇ ಇರುವ ಸಂಭವವೇ ಹೆಚ್ಚು. ಅದರಿಂದ ಹೊಸದೇನೂ ತಿಳಿಯುವುದಿಲ್ಲ, ನಿಮ್ಮ ಇನ್ನಷ್ಟು ನಿದ್ದೆ ಹೋಗುತ್ತದೆ ಅಷ್ಟೇ. ವರ್ಷ ಬಿಟ್ಟು ನೋಡಿದಾಗ ಮಾತ್ರ ಅದು ಬಂದು ಹೋಗುವ ನೆಂಟನೋ, ತಳವೂರಿದ ಬಾಡಿಗೆದಾರನೋ ಎಂಬುದು ಸ್ಪಷ್ಟವಾಗುತ್ತದೆ. ಕೆಲವು ಮಾರ್ಗಸೂಚಿಗಳು ಇಂಥವರಿಗೆ ಎರಡು ವರ್ಷವನ್ನೂ ಕೊಡುತ್ತವೆ. ನನಗೆ ವರ್ಷವೇ ಸಮಾಧಾನ.

ಕಾಯಬಾರದ ಸಂದರ್ಭಗಳೂ ಇವೆ. ಸಂಭೋಗದ ನಂತರ ರಕ್ತ ಕಾಣುವುದು, ಎರಡು ಮುಟ್ಟಿನ ನಡುವೆ ರಕ್ತಸ್ರಾವ, ವಾಸನೆಯುಳ್ಳ ಅಥವಾ ರಕ್ತಮಿಶ್ರಿತ ಬಿಳಿಸೆರಗು ಇವುಗಳಲ್ಲಿ ಯಾವುದಾದರೂ ಇದ್ದರೆ ನಾರ್ಮಲ್ ಪ್ಯಾಪನ್ನು ನಂಬಿ ಕೂರಬೇಡಿ, ಆ ವಾರವೇ ಹೋಗಿ ತೋರಿಸಿ. ಎಚ್‌ಐವಿ ಇದ್ದರೆ, ಅಂಗಾಂಗ ಕಸಿಯ ನಂತರದ ಔಷಧಿ ತೆಗೆದುಕೊಳ್ಳುತ್ತಿದ್ದರೆ, ಹಿಂದೆ ಗರ್ಭಕಂಠಕ್ಕೆ ಚಿಕಿತ್ಸೆ ಆಗಿದ್ದರೆ ಲೆಕ್ಕವೇ ಬೇರೆ. ನಿಮ್ಮ ಪತ್ರದಲ್ಲಿ ಇವು ಯಾವುವೂ ಇಲ್ಲ. ಡಾಕ್ಟರಿಗೆ ಹೇಳದೇ ಬಿಟ್ಟದ್ದೇನಾದರೂ ಇದ್ದರೆ ಹೇಳಿಬಿಡಿ.

ಪ್ಯಾಪ್ ಪರೀಕ್ಷೆಯನ್ನು ನಾನು ಹಗುರ ಮಾಡುತ್ತಿಲ್ಲ. ಜಾರ್ಜ್ ಪಾಪನಿಕೊಲಾವು 1940ರ ದಶಕದಲ್ಲಿ ಬಳಕೆಗೆ ತಂದ ಆ ಸರಳ ವಿಧಾನ ಲಕ್ಷಾಂತರ ಹೆಂಗಸರನ್ನು ಉಳಿಸಿದೆ. ಆದರೆ ಅದು ಸೂಕ್ಷ್ಮದರ್ಶಕದ ಮುಂದೆ ಕೂತ ಕಣ್ಣಿನ ಕೆಲಸ, ಒಂದೇ ಸಲದ ಪರೀಕ್ಷೆ ಸಾಕಷ್ಟನ್ನು ತಪ್ಪಿಸಿಬಿಡುತ್ತದೆ. ಎಚ್‌ಪಿವಿ ಪರೀಕ್ಷೆ ಬದಲಾವಣೆ ಶುರುವಾಗುವ ಮೊದಲೇ ಕಾರಣವನ್ನು ಹಿಡಿಯುತ್ತದೆ. ಅದು ನೆಗೆಟಿವ್ ಬಂದರೆ ಐದು ವರ್ಷ ನಿಶ್ಚಿಂತೆಯಾಗಿರಬಹುದು. ಅದರ ತೊಂದರೆಯೆಂದರೆ ನಿಮ್ಮಂಥವರನ್ನು, ಕಾಯಿಲೆಯೇ ಇಲ್ಲದವರನ್ನು, ಹೀಗೆ ಹೆದರಿಸುವುದು.

ವರ್ಷದ ನಂತರವೂ ಪಾಸಿಟಿವ್ ಬಂದರೆ ಕಾಲ್ಪೊಸ್ಕೊಪಿ ಮಾಡುತ್ತಾರೆ. ಹೆಸರು ದೊಡ್ಡದು, ಕೆಲಸ ಹತ್ತು ಹದಿನೈದು ನಿಮಿಷದ್ದು. ಗರ್ಭಕಂಠಕ್ಕೆ ತೆಳು ಅಸಿಟಿಕ್ ಆಮ್ಲ ಹಚ್ಚಿ ಭೂತಗನ್ನಡಿಯಲ್ಲಿ ನೋಡುತ್ತಾರೆ. ಬದಲಾದ ಜಾಗ ಬೆಳ್ಳಗಾಗುತ್ತದೆ, ಅಲ್ಲಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಚಿವುಟಿದಂತೆ ನೋವಾಗುತ್ತದೆ, ಒಂದೆರಡು ದಿನ ಚೂರು ರಕ್ತ ಕಾಣಬಹುದು. ಫಲಿತಾಂಶದಲ್ಲಿ ‘ಸಿಐಎನ್’ ಎಂಬ ಅಕ್ಷರಗಳು ಬಂದರೆ ಅದೂ ಕ್ಯಾನ್ಸರಲ್ಲ, ಅದಕ್ಕಿಂತ ಮೊದಲಿನ ಮೆಟ್ಟಿಲುಗಳು. ಸಿಐಎನ್ 1 ಬಹುಪಾಲು ತಾನಾಗಿ ವಾಸಿಯಾಗುತ್ತದೆ, ಅದನ್ನು ಕಡಿದು ತೆಗೆಯಲು ಹೊರಡುವವರ ಬಗ್ಗೆ ಹುಷಾರಾಗಿರಿ. ಸಿಐಎನ್ 2ರಲ್ಲಿ ವಯಸ್ಸು, ಮಕ್ಕಳ ಆಸೆ ನೋಡಿ ತೀರ್ಮಾನ. ಸಿಐಎನ್ 3 ಆದರೆ ಚಿಕಿತ್ಸೆ ಆಗಲೇಬೇಕು.

‘ಆಗಲೇಬೇಕು’ ಎಂದು ಇಷ್ಟು ಖಚಿತವಾಗಿ ಹೇಳಲು ಕಾರಣ ನ್ಯೂಜಿಲೆಂಡಿನ ಒಂದು ಕಹಿ ಕಥೆ. ಆಕ್ಲೆಂಡಿನ ಆಸ್ಪತ್ರೆಯೊಂದರಲ್ಲಿ 1960–70ರ ದಶಕಗಳಲ್ಲಿ ಸಿಐಎನ್ 3 ಇದ್ದ ಕೆಲವು ಹೆಂಗಸರಿಗೆ, ಅವರಿಗೆ ತಿಳಿಸದೆಯೇ, ಸರಿಯಾದ ಚಿಕಿತ್ಸೆ ಕೊಡದೆ ಸುಮ್ಮನೆ ಗಮನಿಸುತ್ತಾ ಹೋದರು. 1987–88ರಲ್ಲಿ ಅದರ ಮೇಲೆ ನ್ಯಾಯಾಂಗ ವಿಚಾರಣೆ ನಡೆಯಿತು. ಆ ದಾಖಲೆಗಳನ್ನು ಮುಂದೆ ಪರಿಶೀಲಿಸಿದಾಗ, ಚಿಕಿತ್ಸೆ ಸಿಗದವರಲ್ಲಿ 30 ವರ್ಷಗಳಲ್ಲಿ ಸುಮಾರು ಶೇ 30 ಮಂದಿಗೆ ಕ್ಯಾನ್ಸರ್ ಆಗಿತ್ತು. ಸರಿಯಾಗಿ ಚಿಕಿತ್ಸೆ ಪಡೆದವರಲ್ಲಿ ಶೇ 1ಕ್ಕಿಂತ ಕಡಿಮೆ. ನಾವು ಇಂದು ರೋಗಿಗಳಿಗೆ ಹೇಳುವ ಸಂಖ್ಯೆ ಅದು, ಅದನ್ನು ತಮ್ಮ ಮೈಯಲ್ಲಿ ಬರೆದುಕೊಟ್ಟವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.

ಚಿಕಿತ್ಸೆ ಎಂದರೂ ದೊಡ್ಡ ಆಪರೇಷನ್ನಲ್ಲ. ಬದಲಾದ ಜಾಗವನ್ನು ಬಿಸಿಯಿಂದಲೋ ಶೀತದಿಂದಲೋ ಸುಟ್ಟುಬಿಡಬಹುದು, ಅಥವಾ ಲೀಪ್ ಎನ್ನುವ ವಿಧಾನದಲ್ಲಿ ವಿದ್ಯುತ್ ತಂತಿಯ ಉಂಗುರದಿಂದ ತೆಳುವಾಗಿ ಕೆತ್ತಿ ತೆಗೆಯಬಹುದು. ಸುಟ್ಟರೆ ಪರೀಕ್ಷೆಗೆ ಅಂಗಾಂಶ ಉಳಿಯುವುದಿಲ್ಲ, ಕೆತ್ತಿದರೆ ಸಿಗುತ್ತದೆ. ಕೆತ್ತಿದಲ್ಲಿ ರಕ್ತಸ್ರಾವ, ಸೋಂಕು, ಅಪರೂಪಕ್ಕೆ ಗರ್ಭಕಂಠದ ದಾರಿ ಕಿರಿದಾಗುವುದು ಇವೆ. ಆಳವಾಗಿ ತೆಗೆದಷ್ಟೂ ಮುಂದಿನ ಗರ್ಭದಲ್ಲಿ ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವ ಹೆಚ್ಚುತ್ತದೆ. ಮತ್ತೆ ಮಗು ಬೇಕೆಂದಿದ್ದರೆ ಮೊದಲೇ ಹೇಳಿ. ಚಿಕಿತ್ಸೆಯ ನಂತರವೂ ದಶಕಗಳ ಕಾಲ ತಪಾಸಣೆ ಮುಂದುವರಿಸಬೇಕು.

ಅಕ್ಕನ ಸಲಹೆಗೆ ಬರೋಣ. ಅವರ ಪ್ರೀತಿಯ ಬಗ್ಗೆ ಸಂಶಯವಿಲ್ಲ, ಸಲಹೆ ಮಾತ್ರ ಪೂರ್ತಿ ತಪ್ಪು. ವೈರಸ್ ಪಾಸಿಟಿವ್ ಎಂಬ ಒಂದೇ ಕಾರಣಕ್ಕೆ ಗರ್ಭಕೋಶ ತೆಗೆಯುವುದನ್ನು ಯಾವ ಮಾರ್ಗಸೂಚಿಯೂ ಹೇಳುವುದಿಲ್ಲ. ಎಚ್‌ಪಿವಿ ಯೋನಿಯ ಒಳಪದರದಲ್ಲೂ ಹೊರಚರ್ಮದಲ್ಲೂ ಇರಬಹುದು. ಗರ್ಭಕೋಶ ಹೋದರೂ ಅದು ಹೋಗುವುದಿಲ್ಲ. ಆಪರೇಷನ್ನಿನಲ್ಲಿ ಮೂತ್ರಕೋಶ, ಮೂತ್ರನಾಳಕ್ಕೆ ಪೆಟ್ಟಾಗುವ ಅಪಾಯವಿದೆ. ‘ಹೇಗೂ ತೆಗೆಯುತ್ತಿದ್ದೇವಲ್ಲ’ ಎಂದು ಅಂಡಾಶಯವನ್ನೂ ತೆಗೆದರೆ 37ಕ್ಕೇ ಮುಟ್ಟು ನಿಂತ ದೇಹ ನಿಮ್ಮದಾಗುತ್ತದೆ, ಮೂಳೆ ಮತ್ತು ಹೃದಯ ಅದರ ಬೆಲೆ ತೆರುತ್ತವೆ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ, ಅದನ್ನು ಹೇಳುವವರು ಕಡಿಮೆ: ಕಾಲ್ಪೊಸ್ಕೊಪಿ, ಬಯಾಪ್ಸಿ ಏನೂ ಮಾಡದೆ ಗರ್ಭಕೋಶ ತೆಗೆದು, ಒಳಗೆ ನಿಜವಾಗಿ ಕ್ಯಾನ್ಸರ್ ಅಡಗಿದ್ದರೆ, ಆ ಸಾಮಾನ್ಯ ಆಪರೇಷನ್ ಸಾಕಾಗುವುದಿಲ್ಲ. ಕ್ಯಾನ್ಸರಿಗೆ ಮಾಡಬೇಕಾದ ಆಪರೇಷನ್ನೇ ಬೇರೆ. ಮುಂದಿನ ಚಿಕಿತ್ಸೆ ಇನ್ನಷ್ಟು ತೊಡಕಾಗುತ್ತದೆ. ಆತುರದ ಆಪರೇಷನ್ನಿನ ರಿಪೋರ್ಟ್ ಹಿಡಿದು ‘ಇನ್ನೇನು ಮಾಡಬೇಕು’ ಎಂದು ಬಂದವರಿಗೆ ಉತ್ತರ ಹೇಳುವುದು ನನ್ನ ಕೆಲಸದ ಕಷ್ಟದ ಭಾಗಗಳಲ್ಲೊಂದು.

ನಿಮಗೆ ಲಸಿಕೆ? ಇರುವ ವೈರಸ್ಸನ್ನು ಅದು ಓಡಿಸುವುದಿಲ್ಲ. 1991ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಇಯಾನ್ ಫ್ರೇಜರ್ ಮತ್ತು ಜಿಯಾನ್ ಝೌ ವೈರಸ್ಸಿನ ಹೊರಕವಚದ ಪ್ರೋಟೀನು ತಾನಾಗಿ ಚೆಂಡಿನಂತೆ ಜೋಡಿಸಿಕೊಳ್ಳುವುದನ್ನು ತೋರಿಸಿದರು. ಲಸಿಕೆಯಲ್ಲಿರುವುದು ಅಂಥ ಟೊಳ್ಳು ಚೆಂಡು, ಒಳಗೆ ವೈರಸ್ಸಿನ ಡಿಎನ್‌ಎ ಇಲ್ಲ. ಅದನ್ನು ನೋಡಿ ದೇಹ ತಯಾರಿಸುವ ಪ್ರತಿಕಾಯಗಳು ಬಾಗಿಲಲ್ಲೇ ವೈರಸ್ಸನ್ನು ತಡೆಯುತ್ತವೆ. ಆಗಲೇ ಮನೆಯೊಳಗೆ ಸೇರಿದ್ದನ್ನು ಹೊರದಬ್ಬಲು ಅವುಗಳಿಗೆ ಆಗದು. ಇದುವರೆಗೆ ನಿಮಗೆ ತಗುಲದ ಬಗೆಗಳ ವಿರುದ್ಧ ಒಂದಷ್ಟು ರಕ್ಷಣೆ ಸಿಗಬಹುದು. ಹಲವು ದೇಶಗಳಲ್ಲಿ 45 ವರ್ಷದವರೆಗೂ ಅನುಮತಿಯಿದೆ, ಆದರೆ ನಿಮ್ಮ ವಯಸ್ಸಿನಲ್ಲಿ ಲಾಭ ಕಡಿಮೆ. ಹಾಕಿಸಿಕೊಂಡರೆ ತಪ್ಪಿಲ್ಲ, ಮುಂದಿನ ಪರೀಕ್ಷೆಯ ಬದಲಿಗೆ ಮಾತ್ರ ಬೇಡ. ವೈರಸ್ ಓಡಿಸುತ್ತೇವೆ ಎನ್ನುವ ಮಾತ್ರೆ, ಜೆಲ್, ಪುಡಿಗಳಿಗೆ ದುಡ್ಡು ಸುರಿಯಬೇಡಿ. ಹೊಗೆಸೊಪ್ಪಿನ ಸಹವಾಸ ಇದ್ದರೆ ಬಿಡಿ, ಸಿಗರೇಟು ಈ ವೈರಸ್ಸಿಗೆ ನಿಜವಾಗಿ ನೆರವಾಗುತ್ತದೆ. ಗರ್ಭನಿರೋಧಕ ಮಾತ್ರೆಯನ್ನು ಐದು ವರ್ಷಕ್ಕೂ ಹೆಚ್ಚು ನುಂಗುತ್ತಿದ್ದರೆ ಅಪಾಯ ಸ್ವಲ್ಪ ಏರುತ್ತದೆ, ಬಿಟ್ಟ ಮೇಲೆ ಇಳಿಯುತ್ತದೆ. ಹೆದರಿ ದಿಢೀರನೆ ನಿಲ್ಲಿಸುವ ಮೊದಲು ಬೇರೆ ದಾರಿ ಯೋಚಿಸಿಕೊಳ್ಳಿ.

ಮಗಳ ವಿಷಯದಲ್ಲಿ ನನಗೆ ಎರಡು ಮನಸ್ಸಿಲ್ಲ, ಹಾಕಿಸಿ. ಲಸಿಕೆಯಿಂದ ಬಂಜೆತನ ಬರುತ್ತದೆ ಎಂಬ ಮಾತು ಎದ್ದದ್ದು ಲಸಿಕೆಯ ನಂತರ ಅಂಡಾಶಯ ಬೇಗ ಸೋತ ಕೆಲವೇ ಹುಡುಗಿಯರ ವರದಿಗಳಿಂದ. ಅಂಥ ಸಮಸ್ಯೆ ಲಸಿಕೆಯಿಲ್ಲದೆಯೂ ಕೆಲವರಲ್ಲಿ ಆಗುತ್ತದೆ. ದೊಡ್ಡ ಸಂಖ್ಯೆಯಲ್ಲಿ ಹೋಲಿಸಿ ನೋಡಿದಾಗ ಸಂಬಂಧ ಕಾಣಲಿಲ್ಲ. ತಾಯಿಯಾಗುವ ಸಾಧ್ಯತೆಯನ್ನು ನಿಜವಾಗಿ ಕಸಿಯುವುದು ಗರ್ಭಕಂಠದ ಕ್ಯಾನ್ಸರ್ ಮತ್ತು ಅದರ ಚಿಕಿತ್ಸೆ. ತೋಳು ನೋವು, ಸಣ್ಣ ಜ್ವರ ಸಾಮಾನ್ಯ. ಹದಿವಯಸ್ಸಿನವರು ಸೂಜಿ ಚುಚ್ಚಿದೊಡನೆ ತಲೆಸುತ್ತಿ ಬೀಳುವುದುಂಟು, ಆದ್ದರಿಂದ ಹದಿನೈದು ನಿಮಿಷ ಕೂರಿಸಿಕೊಂಡೇ ಕರೆತನ್ನಿ. ತೀವ್ರ ಅಲರ್ಜಿ ಹತ್ತು ಲಕ್ಷ ಡೋಸಿಗೆ ಸುಮಾರು ಎರಡು.

ಫಲ ಏನು ಎಂದರೆ, ಸ್ವೀಡನ್ನಿನಲ್ಲಿ 16 ಲಕ್ಷಕ್ಕೂ ಹೆಚ್ಚು ಹುಡುಗಿಯರು ಮತ್ತು ಯುವತಿಯರನ್ನು ಗಮನಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 17ಕ್ಕೆ ಮೊದಲು ಲಸಿಕೆ ಪಡೆದವರಲ್ಲಿ ಈ ಕ್ಯಾನ್ಸರ್ ಶೇ 88ರಷ್ಟು ಕಡಿಮೆಯಿತ್ತು. ಸ್ಕಾಟ್ಲೆಂಡಿನಲ್ಲಿ 12–13ರ ವಯಸ್ಸಿನಲ್ಲಿ ಲಸಿಕೆ ಪೂರ್ತಿಯಾದವರಲ್ಲಿ 2024ರ ವರದಿಯ ಹೊತ್ತಿಗೆ ಒಂದೂ ಪ್ರಕರಣ ಇರಲಿಲ್ಲ. 9ರಿಂದ 14 ವರ್ಷದೊಳಗೆ ದೇಹದ ಪ್ರತಿಕ್ರಿಯೆ ಜೋರಾಗಿರುತ್ತದೆ. ಆ ವಯಸ್ಸಿಗೆ ಒಂದು ಅಥವಾ ಎರಡು ಡೋಸ್ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಹೇಳುತ್ತಿದೆ. ಎಷ್ಟು ಡೋಸ್ ಎಂಬುದನ್ನು ನಿಮ್ಮ ಮಕ್ಕಳ ವೈದ್ಯರು ಹೇಳುತ್ತಾರೆ. ದೊಡ್ಡವಳಾದ ಮೇಲೆ ಅವಳೂ ತಪಾಸಣೆ ಮಾಡಿಸಿಕೊಳ್ಳಬೇಕು, ಎಲ್ಲ ಬಗೆಗಳಿಗೂ ಲಸಿಕೆಯಿಲ್ಲ. ನಿಮ್ಮ ಸೋಂಕು ಟವೆಲ್, ಪಾತ್ರೆ, ಮುದ್ದು ಮಾಡುವುದರಿಂದ ಅವಳಿಗೆ ತಗುಲಿಬಿಡುತ್ತದೆ ಎಂಬ ಹೆದರಿಕೆ ಬೇಡ. ಇಬ್ಬರು ಮಕ್ಕಳು ಎಂದಿರಿ, ಮಗಳೊಬ್ಬಳ ಮಾತನ್ನೇ ಎತ್ತಿದಿರಿ. ಇನ್ನೊಂದು ಗಂಡುಮಗುವಾದರೆ ಅವನ ಬಗ್ಗೆಯೂ ಕೇಳಿ. ಗಂಟಲು, ಗುದ, ಶಿಶ್ನದ ಕೆಲವು ಕ್ಯಾನ್ಸರುಗಳಿಗೂ ಇದೇ ವೈರಸ್ ಕಾರಣ.

ಜಗತ್ತಿನಲ್ಲಿ 2022ರೊಂದರಲ್ಲೇ ಸುಮಾರು ಮೂರೂವರೆ ಲಕ್ಷ ಹೆಂಗಸರು ಈ ಕ್ಯಾನ್ಸರಿನಿಂದ ಸತ್ತರು. ಅವರಲ್ಲಿ ಬಹುಪಾಲು ಜನ ಒಮ್ಮೆಯೂ ಪರೀಕ್ಷೆಗೆ ಒಳಪಟ್ಟವರಲ್ಲ, ಇಲ್ಲವೇ ಅದನ್ನು ಮುಂದುವರಿಸಿದವರಲ್ಲ. ನೀವು ಮೊದಲ ಗುಂಪಿನಿಂದ ಆಗಲೇ ಹೊರಬಂದಿದ್ದೀರಿ. ಎರಡನೆಯದಕ್ಕೆ ಬೀಳದಿರಲು ಇಂದೇ ಮುಂದಿನ ವರ್ಷದ ಇದೇ ತಿಂಗಳಲ್ಲಿ, ಮುಟ್ಟು ಮುಗಿದು ನಾಲ್ಕೈದು ದಿನಕ್ಕೆ ಬೀಳುವಂತೆ, ಒಂದು ತಾರೀಖು ಗುರುತು ಹಾಕಿ. ಅದರ ಹಿಂದಿನ ಎರಡು ದಿನ ಸಂಭೋಗವಾಗಲಿ ಯೋನಿಯೊಳಗೆ ಇಡುವ ಔಷಧಿಯಾಗಲಿ ಬೇಡ. ಹೋಗುವಾಗ ಈ ರಿಪೋರ್ಟನ್ನು ಜೊತೆಗೆ ಒಯ್ಯಿರಿ, ಯಾವ ಬಗೆ ಇತ್ತು ಎಂಬುದು ಅಲ್ಲಿನ ವೈದ್ಯರಿಗೆ ಬೇಕಾಗುತ್ತದೆ. ಮತ್ತೆ ಪಾಸಿಟಿವ್ ಬಂದರೆ ‘ಇನ್ನೊಂದು ವರ್ಷ ನೋಡೋಣ’ ಎಂದು ನೀವಾಗಿ ತೀರ್ಮಾನಿಸಬೇಡಿ, ಅದೇ ದಿನ ಕಾಲ್ಪೊಸ್ಕೊಪಿಗೆ ಸಮಯ ಕೇಳಿ.